ಹಸಿ ಬಣ್ಣದ ಮೇಲೆ ಎಲೆಯ ಬೆಳಕು ಕೂರದಿದ್ದರೆ: ದೋಷ ಹುಡುಕುವ ಕೈಪಿಡಿ

ಚಿಕ್ಕಮಗಳೂರಿನಲ್ಲಿ ಎಣ್ಣೆ ಬಣ್ಣ ಕಲಿಯಲು ಕೂತವರು ಮೊದಲು ಬಿಡಿಸುವುದು ಬೆಟ್ಟ ಮತ್ತು ತೋಟ. ಆಕಾಶ ಚೆನ್ನಾಗಿಯೇ ಬರುತ್ತದೆ. ಮುಳ್ಳಯ್ಯನಗಿರಿಯ ಸಾಲೂ ಬರುತ್ತದೆ. ಮಂಜು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಕೆಲಸ ಕೆಡುವುದು ಮರಗಿಡಗಳ ಹತ್ತಿರ. ಕಡು ಹಸಿರು ಬಳಿದು, ಅದರ ಮೇಲೆ ಬಿಸಿಲು ಬಿದ್ದ ಎಲೆಗಳನ್ನು ತಟ್ಟಲು ಹೋದರೆ ಹಳದಿ ಎಲ್ಲೋ ಮಾಯವಾಗಿ ಕೆಸರು ಉಳಿಯುತ್ತದೆ. ಇನ್ನೊಂದು ಸಲ ತಟ್ಟಿದರೆ ಇನ್ನೂ ಕೆಸರು.

ಈ ಪದ್ಧತಿಗೆ ವೆಟ್ ಆನ್ ವೆಟ್ ಅನ್ನುತ್ತಾರೆ. ಅಡಿಯ ಬಣ್ಣ ಒಣಗಲಿ ಅಂತ ಕಾಯುವುದಿಲ್ಲ. ಹಸಿಯ ಮೇಲೇ ಹಸಿ ಹಚ್ಚಿ, ಒಂದೇ ಸಲ ಕೂತು ಚಿತ್ರ ಮುಗಿಸುತ್ತಾರೆ. ಯುರೋಪಿನ ಕಲಾವಿದರು ಇದನ್ನು ನೂರಾರು ವರ್ಷಗಳಿಂದ ಬಳಸಿದ್ದಾರೆ. ಮನೆಮನೆಗೆ ತಲುಪಿಸಿದವರು ಅಮೆರಿಕದ ಟಿವಿಯಲ್ಲಿ ಕಲಿಸಿದ ಬಿಲ್ ಅಲೆಕ್ಸಾಂಡರ್, ಆಮೇಲೆ ಅವರಿಂದ ಕಲಿತ ಬಾಬ್ ರಾಸ್. ರಾಸ್ ಅವರ ಟಿವಿ ಪಾಠಗಳು 1983ರಿಂದ 1994ರವರೆಗೆ ಬಂದವು. ಈಗ ಅವನ್ನು ಮೊಬೈಲಿನಲ್ಲಿ ನೋಡಿ ನಮ್ಮೂರಿನವರೂ ಬ್ರಷ್ ಹಿಡಿಯುತ್ತಿದ್ದಾರೆ. ಅಲ್ಲಿ ನೋಡನೋಡುತ್ತಲೇ ಪೊದೆ ಎದ್ದು ನಿಲ್ಲುತ್ತದೆ. ನಮ್ಮ ಕೈಯಲ್ಲಿ ಯಾಕೆ ನಿಲ್ಲುವುದಿಲ್ಲ?

ಬಹುಪಾಲು ಸಲ ತಪ್ಪು ಬೆಳಕಿನ ಬಣ್ಣದಲ್ಲಿ ಇರುವುದಿಲ್ಲ, ಅದರ ಕೆಳಗಿನ ಕಡು ಬಣ್ಣದಲ್ಲಿ ಇರುತ್ತದೆ. ಆದರೆ ಎಲ್ಲರೂ ತಿದ್ದಲು ಹೋಗುವುದು ಹಳದಿಯನ್ನು. ಇನ್ನಷ್ಟು ಹಳದಿ, ಸಾಲದಿದ್ದರೆ ಬಿಳಿ, ಅದೂ ಸಾಲದಿದ್ದರೆ ಹೊಸ ಬ್ರಷ್. ಅಡಿ ಸರಿಯಾಗದೆ ಮೇಲೆ ಏನು ಮಾಡಿದರೂ ಸುಮ್ನೆ ಬಣ್ಣ ದಂಡ. ಆದ್ದರಿಂದ ಹುಡುಕುವ ಕೆಲಸವನ್ನು ಕೆಳಗಿನಿಂದ ಶುರುಮಾಡೋಣ.

ಮೊದಲು ನೈಫಿನಿಂದ ಒಂದು ಪರೀಕ್ಷೆ

ಕೆಟ್ಟಿದೆ ಅಂತ ಅನ್ನಿಸಿದ ಕೂಡಲೇ ಬ್ರಷ್ ಕೆಳಗಿಡಿ. ಪ್ಯಾಲೆಟ್ ನೈಫನ್ನು, ಅಂದರೆ ಬಣ್ಣ ಕಲಸುವ ಚಾಕುವನ್ನು, ಬಟ್ಟೆಯಲ್ಲಿ ಒರೆಸಿ ಸ್ವಚ್ಛ ಮಾಡಿ. ಅದರ ತುದಿಯಲ್ಲಿ ಬೆಳಕಿನ ಬಣ್ಣವನ್ನು ಜೋಳದ ಕಾಳಿನಷ್ಟು ತೆಗೆದುಕೊಳ್ಳಿ. ಇನ್ನೂ ತಟ್ಟದೇ ಇರುವ ಕಡು ಹಸಿರಿನ ಜಾಗದ ಮೇಲೆ ಮೆಲ್ಲಗೆ ಮುಟ್ಟಿಸಿ, ಎಳೆಯದೆ ನೇರ ಎತ್ತಿ. ಬ್ರಷ್ಷಿನ ತಪ್ಪು, ಕೈಯ ತಪ್ಪು ಎರಡೂ ಈ ಪರೀಕ್ಷೆಯಿಂದ ಹೊರಗುಳಿಯುತ್ತವೆ. ಉಳಿದದ್ದು ಬಣ್ಣ ಬಣ್ಣದ ನಡುವಿನ ವ್ಯವಹಾರ ಮಾತ್ರ.

ಈಗ ನೋಡಿ. ನೈಫ್ ಮುಟ್ಟಿಸಿದ ಕಡೆ ಹಳದಿ ಸ್ವಚ್ಛವಾಗಿ ಕೂತಿದ್ದರೆ ಎರಡೂ ಬಣ್ಣ ಸರಿ ಇವೆ, ತಪ್ಪು ನಿಮ್ಮ ಬ್ರಷ್ಷಿನಲ್ಲಿ ಅಥವಾ ತಟ್ಟುವ ರೀತಿಯಲ್ಲಿ ಇದೆ. ನೈಫಿನ ತುದಿಗೇ ಕಡು ಹಸಿರು ಮೆತ್ತಿಕೊಂಡು ಬಂದಿದ್ದರೆ ಅಡಿ ಜಾಸ್ತಿ ಹಸಿಯಾಗಿದೆ ಅಥವಾ ದಪ್ಪವಾಗಿದೆ. ಹಳದಿ ನೈಫನ್ನು ಬಿಟ್ಟು ಬರಲೇ ಇಲ್ಲ ಅಂದರೆ ಅದು ತೀರಾ ಗಟ್ಟಿ. ಇನ್ನೊಂದು ಸಾಧ್ಯತೆಯನ್ನು ಬಹಳ ಜನ ಗಮನಿಸುವುದೇ ಇಲ್ಲ: ಬಣ್ಣ ಕೂತಿದೆ, ಕೆಸರೂ ಆಗಿಲ್ಲ, ಆದರೂ ಕಾಣುತ್ತಿಲ್ಲ. ಅದರ ಕಾರಣ ಬೇರೆಯೇ, ಮುಂದೆ ಹೇಳುತ್ತೇನೆ.

ಈ ನಾಲ್ಕರಲ್ಲಿ ಯಾವುದು ಅಂತ ತಿಳಿಯದೆ ಮುಂದೆ ಹೋಗಬೇಡಿ.

ಬೆಳಕು ಕೆಸರಾಗುತ್ತಿದ್ದರೆ

ಅತಿ ಹೆಚ್ಚು ಕಾಣುವ ದೋಷ ಇದು. ಈ ಪದ್ಧತಿಯ ಮೂಲ ನಿಯಮ ಒಂದೇ: ಸಡಿಲ ಬಣ್ಣ ಗಟ್ಟಿ ಬಣ್ಣಕ್ಕೆ ಅಂಟುತ್ತದೆ. ಅಡಿಬಣ್ಣ ಗಟ್ಟಿಯಾಗಿದ್ದರೆ ಅದು ಕ್ಯಾನ್ವಾಸನ್ನು ಬಿಟ್ಟು ಕದಲುವುದಿಲ್ಲ. ಮೇಲಿನದು ಸಡಿಲವಾಗಿದ್ದರೆ ಬ್ರಷ್ಷನ್ನು ಸುಲಭವಾಗಿ ಬಿಟ್ಟು ಕೆಳಗಿಳಿಯುತ್ತದೆ. ಇದು ತಿರುಗುಮುರುಗಾದರೆ, ಗಟ್ಟಿ ಹಳದಿ ಸಡಿಲ ಹಸಿರನ್ನು ಕಿತ್ತುಕೊಂಡು ಬರುತ್ತದೆ. ಅಡಿ ರೊಟ್ಟಿ ಹಿಟ್ಟಿನಷ್ಟು ಬಿಗಿಯಾಗಿರಬೇಕು, ಮೇಲಿನದು ಇಡ್ಲಿ ಹಿಟ್ಟಿನಷ್ಟು ಸಡಿಲವಾಗಿರಬೇಕು ಅಂತ ನಾನು ಕಲಿಯುವವರಿಗೆ ಹೇಳುತ್ತೇನೆ. ಅದಕ್ಕಿಂತ ನೀರಾದರೆ ಸೋರುತ್ತದೆ.

ಕೆಲವರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ. ಎಣ್ಣೆ ಕಡಿಮೆ ಇರುವ ಪದರ ಕೆಳಗೆ, ಎಣ್ಣೆ ಜಾಸ್ತಿ ಇರುವ ಪದರ ಮೇಲೆ ಅಂತ ಹಳೆಯ ನಿಯಮ ಇದೆಯಲ್ಲ, ಅದೇನಾ ಇದು? ಅಲ್ಲ. ಆ ನಿಯಮ ಒಂದೊಂದೇ ಪದರ ಒಣಗಿದ ಮೇಲೆ ಇನ್ನೊಂದನ್ನು ಹಚ್ಚುವವರಿಗೆ, ಮುಂದೆ ಬಿರುಕು ಬಿಡದಿರಲಿ ಅಂತ. ನಾವು ಇಲ್ಲಿ ನೋಡುತ್ತಿರುವುದು ಈಗ, ಈ ಗಳಿಗೆಯಲ್ಲಿ ಬಣ್ಣ ಅಂಟುತ್ತದೆಯೇ ಇಲ್ಲವೇ ಅನ್ನುವುದನ್ನು ಮಾತ್ರ.

ಆಲ್ದೂರು ಕಡೆಯ ಒಂದು ಎಸ್ಟೇಟಿನ ರೈಟರ್ (ಲೆಕ್ಕಪತ್ರ ನೋಡುವವರು) ಒಬ್ಬರು ಹಸಿ ಕ್ಯಾನ್ವಾಸನ್ನೇ ಜೀಪಿನ ಹಿಂದೆ ಇಟ್ಟುಕೊಂಡು ನನ್ನ ಹತ್ತಿರ ಬಂದಿದ್ದರು. ಹಿರೇಕೊಳಲೆ ಕೆರೆಯ ಚಿತ್ರ. ನೀರು, ಹಿಂದಿನ ಬೆಟ್ಟ ಎರಡೂ ಒಳ್ಳೆಯದಾಗಿ ಬಂದಿದ್ದವು. ದಡದ ಮರಗಳು ಮಾತ್ರ ಪಾಚಿ ಬಣ್ಣಕ್ಕೆ ತಿರುಗಿದ್ದವು.

"ಮೇಷ್ಟ್ರೇ, ಹಳದಿ ಟ್ಯೂಬೇ ಸರಿ ಇಲ್ಲ ಅನ್ಸುತ್ತೆ. ಎಷ್ಟು ಹಾಕಿದ್ರೂ ಕುಡ್ಕೊಂಡ್‌ಬಿಡುತ್ತೆ."

"ಟ್ಯೂಬ್ ಹಾಗಿರ್ಲಿ ರೈಟ್ರೇ. ಅಡಿಗೆ ಏನು ಬಳಿದ್ರಿ?"

"ಸ್ಯಾಪ್ ಗ್ರೀನು, ಸ್ವಲ್ಪ ಕಪ್ಪು. ಗಟ್ಟಿ ಇತ್ತು ಅಂತ ಲಿನ್ಸೀಡ್ ಎಣ್ಣೆ ಹಾಕಿ ಸಡಿಲ ಮಾಡ್ಕೊಂಡೆ."

ರೋಗ ಅಲ್ಲೇ ಸಿಕ್ಕಿತು. ಗಟ್ಟಿ ಇರಬೇಕಾದದ್ದನ್ನೇ ಅವರು ಸಡಿಲ ಮಾಡಿದ್ದರು. ಅಚ್ಚಿಲ್ಲದ ಒಂದು ಬಿಳಿ ಹಾಳೆಯನ್ನು ಮರದ ಮೇಲೆ ಹಾಸಿ, ಅಂಗೈಯಿಂದ ಒತ್ತಿ, ಮೂಲೆ ಹಿಡಿದು ನಿಧಾನ ಎಬ್ಬಿಸಿದೆವು. ಮರದ ಆಕಾರವೇ ಹಾಳೆಗೆ ಎದ್ದು ಬಂತು. ನೋಡುತ್ತಿದ್ದಂತೆ ಅದರ ಅಂಚಿನ ಸುತ್ತ ಎಣ್ಣೆಯ ಕಲೆ ಹರಡಿತು. ಕ್ಯಾನ್ವಾಸಿನಲ್ಲಿ ಉಳಿದದ್ದು ನೇಯ್ಗೆಯ ಸಂದಿಯಲ್ಲಿ ಕೂತ ತೆಳು ಹಸಿರು ಮಾತ್ರ. ಅದರ ಮೇಲೆ ಟ್ಯೂಬಿನ ಗಟ್ಟಿ ಹಸಿರನ್ನೇ ತುಸು ತಟ್ಟಿ, ಅವರ ಅದೇ ಹಳದಿಯನ್ನು ಹಾಕಿದಾಗ ಕೂತಿತು.

ಹೀಗೆ ಕಾಗದ ಒತ್ತಿ ಬಣ್ಣ ತೆಗೆಯುವುದಕ್ಕೆ ಟಾಂಕಿಂಗ್ ಅಂತ ಹೆಸರಿದೆ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಹೆನ್ರಿ ಟಾಂಕ್ಸ್ ಅವರಿಂದ ಬಂದ ಹೆಸರು. ಕೆಟ್ಟ ಪೊದೆಯನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಬಟ್ಟೆಯಿಂದ ಉಜ್ಜಿದರೆ ಪಕ್ಕದ ಆಕಾಶವೂ ಹಾಳಾಗುತ್ತದೆ. ಕಾಗದ ಹಾಗೆ ಮಾಡುವುದಿಲ್ಲ. ಅಚ್ಚಾದ ಪತ್ರಿಕೆಯ ಹಾಳೆ ಬೇಡ, ಶಾಯಿ ಬಿಟ್ಟುಕೊಳ್ಳಬಹುದು.

ಎಣ್ಣೆ ನೀವು ಬೆರೆಸದಿದ್ದರೂ ಟ್ಯೂಬಿನಲ್ಲೇ ಜಾಸ್ತಿ ಇರಬಹುದು. ಕಲಿಯುವವರಿಗಾಗಿ ಮಾಡುವ ಅಗ್ಗದ ಬಣ್ಣಗಳಲ್ಲಿ ಇದು ಮಾಮೂಲು. ಮುಚ್ಚಳ ತೆಗೆದ ಕೂಡಲೇ ಮೊದಲು ಹಳದಿ ಎಣ್ಣೆ ಹನಿಯುತ್ತದೆ, ಆಮೇಲೆ ಬಣ್ಣ ಬರುತ್ತದೆ. ಇದಕ್ಕೆ ಪರಿಹಾರ ಸುಲಭ. ಅಡಿಗೆ ಬೇಕಾದ ಬಣ್ಣವನ್ನು ರಟ್ಟಿನ ಮೇಲೆ ಅಥವಾ ದಪ್ಪ ಕಾಗದದ ಮೇಲೆ ಹಿಂಡಿ ಇಡಿ. ಅಷ್ಟರಲ್ಲಿ ಆಕಾಶ ಮುಗಿಸಿ. ಎಣ್ಣೆ ಕಾಗದಕ್ಕೆ ಇಳಿದು ಬಣ್ಣ ಬಿಗಿಯಾಗಿರುತ್ತದೆ. ನೈಫಿನಲ್ಲಿ ಎತ್ತಿ ಪ್ಯಾಲೆಟ್ಟಿಗೆ ಹಾಕಿಕೊಳ್ಳಿ.

ಅಡಿಗೂ ಅಡಿಯಲ್ಲಿ ಇನ್ನೊಂದು ಪದರ ಇದೆ, ಅದನ್ನು ಮರೆಯುವಂತಿಲ್ಲ. ಈ ಪದ್ಧತಿಯಲ್ಲಿ ಕ್ಯಾನ್ವಾಸಿಗೆ ಮೊದಲು ಲಿಕ್ವಿಡ್ ವೈಟ್, ಅಂದರೆ ಸಡಿಲವಾದ ಬಿಳಿ ಎಣ್ಣೆ ಬಣ್ಣ, ಬಳಿಯುತ್ತಾರೆ. ನಮ್ಮಲ್ಲಿ ಬಹಳ ಜನ ಟೈಟಾನಿಯಂ ವೈಟಿಗೆ ಲಿನ್ಸೀಡ್ ಎಣ್ಣೆ ಕಲಸಿ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ಅದೇನೂ ತಪ್ಪಲ್ಲ. ತಪ್ಪುವುದು ಬಳಿಯುವ ಪ್ರಮಾಣ. ಬಳಿದ ಮೇಲೆ ಬೆರಳು ಮುಟ್ಟಿಸಿ ನೋಡಿ. ಬೆರಳಿಗೆ ಹತ್ತಿದ ಬಿಳಿಯ ಒಳಗೆ ನಿಮ್ಮ ಬೆರಳಿನ ಗೆರೆಗಳು ಕಾಣಬೇಕು. ಬೆರಳು ಪೂರ್ತಿ ಬೆಳ್ಳಗಾದರೆ ಜಾಸ್ತಿ ಆಗಿದೆ, ಬಟ್ಟೆಯಿಂದ ಒರೆಸಿ ತೆಗೆಯಿರಿ. ದಟ್ಟ ಮರಗಳು ಬರುವ ಜಾಗದಲ್ಲಂತೂ ನಾನು ಬಿಳಿಯನ್ನು ಪೂರ್ತಿಯಾಗಿಯೇ ಒರೆಸಿಬಿಡುತ್ತೇನೆ. ಅಲ್ಲಿ ಬಿಳಿ ಉಳಿದರೆ ಕಡು ಹಸಿರು ಅದರ ಜೊತೆ ಬೆರೆತು ನಡುವಣ ಹಸಿರಾಗುತ್ತದೆ. ನಡುವಣ ಹಸಿರಿನ ಮೇಲೆ ಯಾವ ಬೆಳಕೂ ಬೆಳಕಾಗಿ ಕಾಣುವುದಿಲ್ಲ.

ಮೂರನೆಯ ಕಾರಣ ಬ್ರಷ್ಷಿನಲ್ಲಿ ಉಳಿದ ಥಿನ್ನರ್, ಅಂದರೆ ಬಣ್ಣ ಕರಗಿಸಿ ಬ್ರಷ್ ತೊಳೆಯುವ ದ್ರವ. ಕಡು ಬಣ್ಣ ಬಳಿದ ಬ್ರಷ್ಷನ್ನೇ ಟರ್ಪೆಂಟೈನಿನಲ್ಲಿ ಅದ್ದಿ, ಒಂದು ಸಲ ಕೊಡವಿ, ತಕ್ಷಣ ಹಳದಿಗೆ ಹಾಕುತ್ತಾರೆ. ಬ್ರಷ್ಷಿನ ಹೊರಗಿನ ಕೂದಲು ಒಣಗಿದ ಹಾಗೆ ಕಾಣುತ್ತದೆ. ತಗಡಿನ ಪಟ್ಟಿಯ ಒಳಗೆ ಥಿನ್ನರ್ ನಿಂತಿರುತ್ತದೆ. ನಾಲ್ಕು ಸಲ ತಟ್ಟುವಷ್ಟರಲ್ಲಿ ಅದು ಕೆಳಗಿಳಿದು ಅಡಿಬಣ್ಣವನ್ನು ಕರಗಿಸುತ್ತದೆ. ಮೊದಲ ನಾಲ್ಕು ಎಲೆ ಚೆನ್ನಾಗಿ ಬಂದು ಆಮೇಲೆ ಕೆಸರಾಗುತ್ತಿದ್ದರೆ ಇದರ ಮೇಲೇ ಅನುಮಾನ ಪಡಿ. ಬ್ರಷ್ಷನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತಗಡಿನ ಬುಡದಿಂದ ತುದಿಯ ಕಡೆಗೆ ಹಿಂಡಿ. ಕಾಗದಕ್ಕೆ ತೇವ ಹತ್ತದೇ ಇರುವವರೆಗೆ ಹಿಂಡಬೇಕು. ಬೆಳಕಿಗೆ ಅಂತಲೇ ಒಂದು ಬೇರೆ ಬ್ರಷ್ ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ, ನಾನು ಹಾಗೇ ಮಾಡುವುದು. ಇನ್ನು ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುವವರಿದ್ದಾರೆ. ಬೇಡ. ಅದು ಆರಲು ತುಂಬಾ ಹೊತ್ತು ಬೇಕು, ಎಣ್ಣೆಯ ಪಸೆಯನ್ನೂ ಬಿಡುತ್ತದೆ.

ಕೊನೆಗೆ, ಅಡಿಬಣ್ಣದಲ್ಲಿ ಕೆಂಪು ಎಷ್ಟಿದೆ ನೋಡಿ. ನೆರಳು ಆಳವಾಗಲಿ ಅಂತ ಅಲಿಜರಿನ್ ಕ್ರಿಮ್ಸನ್ ಸೇರಿಸುವುದು ಒಳ್ಳೆಯದೇ. ಆದರೆ ಹಸಿರನ್ನು ಕೊಲ್ಲುವ ಬಣ್ಣ ಕೆಂಪೇ. ಅದು ಜಾಸ್ತಿ ಇದ್ದರೆ ಮೇಲೆ ಹಚ್ಚಿದ ಹಳದಿ ಹಸಿರು ತುಸು ಬೆರೆತರೂ ಕಂದಾಗುತ್ತದೆ. ಕಪ್ಪಿನ ಮೇಲೆ ಹಳದಿ ತುಸು ಬೆರೆತರೆ ಆಲಿವ್ ಹಸಿರಾಗುತ್ತದೆ, ಅದು ನಮ್ಮ ಕಾಡಿಗೆ ಒಪ್ಪುತ್ತದೆ ಕೂಡ. ಹೊಸಬರು ಅಡಿಗೆ ಸ್ಯಾಪ್ ಗ್ರೀನ್, ಐವರಿ ಬ್ಲಾಕ್, ಬರ್ಂಟ್ ಅಂಬರ್ ಇಷ್ಟರಲ್ಲೇ ಇದ್ದರೆ ಕ್ಷೇಮ. ಪ್ರಶಿಯನ್ ಬ್ಲೂ ಹಾಕುವುದಾದರೆ ಸಾಸಿವೆಯಷ್ಟು ಸಾಕು. ಅದರ ಬಲ ತುಂಬಾ ಜಾಸ್ತಿ, ಬ್ರಷ್ಷಿಗೆ ಒಮ್ಮೆ ಹತ್ತಿದರೆ ಇಡೀ ಹಳದಿ ಗುಡ್ಡೆಯನ್ನೇ ಹಸಿರು ಮಾಡಿಬಿಡುತ್ತದೆ.

ಬ್ರಷ್ಷೇ ಬಣ್ಣ ಬಿಡುತ್ತಿಲ್ಲ

ಇದು ಚಿಕ್ಕ ತೊಂದರೆ. ಬೆಳಕಿನ ಬಣ್ಣ ಗಟ್ಟಿಯಾಗಿದೆ, ಅಷ್ಟೇ. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ಊರಿನ ಚಳಿಗೆ ಟ್ಯೂಬಿನ ಬಣ್ಣ ಬಿಗಿದುಕೊಂಡಿರುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ಟ್ಯೂಬ್ ಮೆತ್ತಗಿರುತ್ತದೆ. ಹಾಗಾಗಿ ಎಷ್ಟು ಹನಿ ಬೆರೆಸಬೇಕು ಅನ್ನುವ ಲೆಕ್ಕ ಯಾವಾಗಲೂ ಒಂದೇ ಇರುವುದಿಲ್ಲ. ಲಿಕ್ವಿಡ್ ವೈಟನ್ನು, ಬಿಳಿ ಬೇಡದಿದ್ದರೆ ಬರೀ ಲಿನ್ಸೀಡ್ ಎಣ್ಣೆಯನ್ನು, ಹಳದಿಗೆ ಒಂದೊಂದೇ ತೊಟ್ಟು ಹಾಕಿ ನೈಫಿನಲ್ಲಿ ಕಲಸಿ. ನೈಫನ್ನು ಎತ್ತಿ ಹಿಡಿದಾಗ ಬಣ್ಣ ಜಾರಲು ಶುರುವಾಗಬೇಕು, ಆದರೆ ಹನಿಯಾಗಿ ಬೀಳಬಾರದು. ಅಡಿಬಣ್ಣಕ್ಕೆ ಮಾತ್ರ ಈ ಎಣ್ಣೆ ತಾಗಿಸಬೇಡಿ.

ಕೂತಿದೆ, ಆದರೆ ಕಾಣುತ್ತಿಲ್ಲ

ಬಣ್ಣ ಎಂದರೆ ಎಲ್ಲವೂ ಮುಚ್ಚುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಇಂಡಿಯನ್ ಯೆಲ್ಲೋ ಪಾರದರ್ಶಕ. ಸ್ಯಾಪ್ ಗ್ರೀನ್ ಕೂಡ ಹೆಚ್ಚುಕಡಿಮೆ ಪಾರದರ್ಶಕವೇ. ಬಿಳಿ ಕ್ಯಾನ್ವಾಸಿನ ಮೇಲೆ ಹೊಳೆಯುವ ಇವು ಕಡು ಹಸಿರಿನ ಮೇಲೆ ಬಿದ್ದರೆ, ಅಡಿಯ ಕತ್ತಲು ಇವುಗಳ ಮೂಲಕವೇ ಕಾಣುತ್ತದೆ. ಎಷ್ಟು ತಟ್ಟಿದರೂ ಅಷ್ಟೇ. ಇಲ್ಲಿ ಅಡಿಯ ತಪ್ಪೂ ಇಲ್ಲ, ಕೈಯ ತಪ್ಪೂ ಇಲ್ಲ.

ಟ್ಯೂಬಿನ ಮೈಮೇಲೆ ಒಂದು ಚಿಕ್ಕ ಚೌಕ ಇದೆಯೇ ನೋಡಿ. ಬಹಳಷ್ಟು ಕಂಪನಿಗಳು ಹಾಕುತ್ತವೆ. ಖಾಲಿ ಚೌಕವಾದರೆ ಪಾರದರ್ಶಕ, ಅರ್ಧ ತುಂಬಿದ್ದರೆ ನಡುವಣದು, ಪೂರ್ತಿ ತುಂಬಿದ್ದರೆ ಮುಚ್ಚುವ ಬಣ್ಣ. ಕ್ಯಾಡ್ಮಿಯಂ ಯೆಲ್ಲೋ ಮುಚ್ಚುತ್ತದೆ. ಆದರೆ ಹೆಸರಿನ ಕೊನೆಗೆ 'ಹ್ಯೂ' ಅಂತ ಇದ್ದರೆ ಅದರಲ್ಲಿ ನಿಜವಾದ ಕ್ಯಾಡ್ಮಿಯಂ ಇಲ್ಲ, ಮುಚ್ಚುವ ಶಕ್ತಿ ಕಡಿಮೆ ಇರಬಹುದು. ಅಂಥದ್ದಕ್ಕೆ ತುಸು ಟೈಟಾನಿಯಂ ವೈಟ್ ಸೇರಿಸಿದರೆ ಕೆಲಸ ಆಗುತ್ತದೆ.

ತುಸು ಅಂದರೆ ತುಸುವೇ. ಬಿಳಿ ಜಾಸ್ತಿಯಾದ ಹಳದಿ ತಣ್ಣಗಾಗುತ್ತದೆ, ಸುಣ್ಣ ಬಳಿದ ಹಾಗೆ ಮಂಕು ಬಡಿಯುತ್ತದೆ. ಬಿಸಿಲಿನ ಬಿಸಿ ಉಳಿಯಬೇಕಾದರೆ ಬಿಳಿಯನ್ನು ತಡೆದು, ಕಿತ್ತಳೆಯ ಕಡೆ ವಾಲುವ ಹಳದಿಯನ್ನೋ ಯೆಲ್ಲೋ ಓಕರನ್ನೋ ಸೇರಿಸಿ.

ನೈಫಿನಲ್ಲಿ ಸರಿ, ಬ್ರಷ್ಷಿನಲ್ಲಿ ತಪ್ಪು

ಪರೀಕ್ಷೆಯಲ್ಲಿ ಎಲ್ಲ ಸರಿ ಬಂದು, ಬ್ರಷ್ ಹಿಡಿದ ಕೂಡಲೇ ಕೆಡುತ್ತಿದ್ದರೆ ಬಣ್ಣ ತುಂಬಿಕೊಳ್ಳುವ ರೀತಿಯನ್ನು ಗಮನಿಸಿ. ಕಲಿಸುವಾಗ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ.

ಒಂದು ಇಂಚಿನ, ಹಂದಿ ಕೂದಲಿನ ಚಪ್ಪಟೆ ಬ್ರಷ್ ತೆಗೆದುಕೊಳ್ಳಿ. ಜಲವರ್ಣದ ಮೆತ್ತನೆ ಬ್ರಷ್ ಈ ಕೆಲಸಕ್ಕೆ ಆಗುವುದಿಲ್ಲ, ಕೂದಲು ಮಡಚಿ ಬಣ್ಣವನ್ನು ಸವರುತ್ತದೆ. ಸಡಿಲ ಮಾಡಿಟ್ಟ ಹಳದಿಯನ್ನು ಪ್ಯಾಲೆಟ್ ಮೇಲೆ ನೈಫಿನಿಂದ ತೆಳ್ಳಗೆ ಹರಡಿ. ಬ್ರಷ್ಷನ್ನು ಓರೆಯಾಗಿ ಮಲಗಿಸಿ, ಅದರ ಮೇಲೆ ನಿಮ್ಮ ಕಡೆಗೆ ಎಳೆಯಿರಿ. ಮತ್ತೆ ಎತ್ತಿ, ಮತ್ತೆ ಅದೇ ದಿಕ್ಕಿಗೆ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ತಿಕ್ಕಬೇಡಿ. ಒಂದೇ ದಿಕ್ಕಿಗೆ ಎಳೆಯುತ್ತಾ ಹೋದರೆ ಕೂದಲೆಲ್ಲ ಒಂದೇ ಕಡೆ ಬಾಗಿ, ಬ್ರಷ್ಷಿನ ತುದಿ ಚೂಪು ಮೂಲೆ ಕಳೆದುಕೊಂಡು ದುಂಡಗಾಗುತ್ತದೆ. ಈಗ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಒಂದು ಮಗ್ಗುಲಲ್ಲಿ ಹಳದಿ ಸಣ್ಣ ಏಣಿನ ಹಾಗೆ ನಿಂತಿರುತ್ತದೆ, ಇನ್ನೊಂದು ಮಗ್ಗುಲು ಬರಿದಾಗಿರುತ್ತದೆ. ಆ ಏಣೇ ಎಲೆ ಆಗುವುದು. ಅದು ಕಾಣದಿದ್ದರೆ ಕ್ಯಾನ್ವಾಸಿಗೆ ಕೈ ಹಾಕಬೇಡಿ.

ಆಮೇಲೆ ಆ ದುಂಡು ಮೂಲೆಯನ್ನು ಮೇಲೆ ಮಾಡಿ, ಕೂದಲು ತುಸುವೇ ಬಾಗುವಷ್ಟು ಮುಟ್ಟಿಸಿ, ಎತ್ತಿ. ಮುಟ್ಟಿದ ಮೇಲೆ ಎಳೆಯಬಾರದು, ತಿರುವಬಾರದು. ಕುಂಚದ ಮರದ ಹಿಡಿಯನ್ನು ತುದಿಯಲ್ಲಿ ಹಿಡಿಯಿರಿ. ಬುಡದಲ್ಲಿ, ಪೆನ್ನಿನ ಹಾಗೆ ಹಿಡಿದರೆ ಗೊತ್ತಿಲ್ಲದೆಯೇ ಒತ್ತಡ ಬೀಳುತ್ತದೆ. ಪ್ರತಿ ಮುಟ್ಟಿಗೂ ಬ್ರಷ್ ಒಂದಿಷ್ಟು ಕಡು ಹಸಿರನ್ನು ಎತ್ತಿಕೊಳ್ಳುತ್ತಲೇ ಇರುತ್ತದೆ, ಇದನ್ನು ತಪ್ಪಿಸಲಾಗುವುದಿಲ್ಲ. ಆದ್ದರಿಂದ ಒಂದು ಸಣ್ಣ ಗೊಂಚಲು ಮುಗಿದ ಕೂಡಲೇ ಒರೆಸಿ ಹೊಸದಾಗಿ ತುಂಬಿಕೊಳ್ಳಿ. ಒಂದೇ ತುಂಬಿಗೆಯಲ್ಲಿ ಇಡೀ ಮರ ಮುಗಿಸುವ ಆತುರ ಬೇಡ.

ಕ್ಯಾನ್ವಾಸ್ ಸಡಿಲವಾಗಿದ್ದರೂ ಇದೇ ದೋಷ ಕಾಣುತ್ತದೆ. ಬ್ರಷ್ ಮುಟ್ಟಿದಾಗ ಬಟ್ಟೆ ಒಳಗೆ ಹೋಗಿ ವಾಪಸ್ ಬಂದು ಬಣ್ಣವನ್ನು ಸವರಿಬಿಡುತ್ತದೆ. ಚೌಕಟ್ಟಿನ ಮೂಲೆಯ ಬೆಣೆಗಳನ್ನು ಮೆಲ್ಲಗೆ ಬಡಿದು ಬಿಗಿ ಮಾಡಿಕೊಳ್ಳಿ.

ಮರ ಒಂದೇ ಉಂಡೆಯಾಗಿದೆ

ಬೆಳಕು ಚೆನ್ನಾಗಿ ಕೂರಲು ಶುರುವಾದ ಮೇಲೆ ಬರುವ ದೋಷ ಇದು. ಕೈ ನಿಲ್ಲುವುದಿಲ್ಲ. ಕತ್ತಲೆಲ್ಲ ಮುಚ್ಚಿಹೋಗಿ ಮರ ಹಳದಿ ಗುಡ್ಡೆಯಾಗುತ್ತದೆ.

ಸಂಜೆ ನಾಲ್ಕೂವರೆಗೆ ಯಾವುದಾದರೂ ಹಲಸಿನ ಮರದ ಮುಂದೆ ನಿಂತು, ಕಣ್ಣು ಅರ್ಧ ಮುಚ್ಚಿ ನೋಡಿ. ಮರ ಒಂದು ಗೋಳವಲ್ಲ. ಐದಾರು ಗೊಂಚಲುಗಳು ಒಂದರ ಮುಂದೆ ಒಂದು ನಿಂತಿವೆ. ಪ್ರತಿಯೊಂದರ ಒಂದು ಹೆಗಲಿಗೆ ಬಿಸಿಲು, ಉಳಿದ ಕಡೆ ನೆರಳು. ಒಂದರ ಬಿಸಿಲು ಎದ್ದು ಕಾಣುವುದು ಅದರ ಹಿಂದೆ ಇನ್ನೊಂದರ ನೆರಳು ಇರುವುದರಿಂದ. ಆ ನೆರಳನ್ನು ನೀವು ಮುಚ್ಚಿದರೆ ಎರಡೂ ಸೇರಿ ಒಂದಾಗುತ್ತವೆ.

ಅದಕ್ಕೇ ಹಿಂದಿನ ಗೊಂಚಲಿನಿಂದ ಮುಂದಿನದಕ್ಕೆ ಬರಬೇಕು. ಹಿಂದಿನದಕ್ಕೆ ಕಡು ಬಣ್ಣ, ಅದರ ಬೆಳಕು, ಅಲ್ಲಿಗೆ ಅದು ಮುಗಿಯಿತು. ಆಮೇಲೆ ಅದರ ಬುಡವನ್ನು ಮುಚ್ಚುವಂತೆ ಮುಂದಿನದರ ಕಡು ಬಣ್ಣ, ಅದರ ಬೆಳಕು. ಇಡೀ ಕ್ಯಾನ್ವಾಸಿಗೆ ಮೊದಲು ಕಡು ಬಣ್ಣ ಬಳಿದು, ಕೊನೆಗೆ ಎಲ್ಲಕ್ಕೂ ಒಟ್ಟಿಗೆ ಬೆಳಕು ಹಾಕುವ ಪದ್ಧತಿಯಿಂದಲೇ ಈ ಉಂಡೆಗಳು ಹುಟ್ಟುವುದು. ಈಗಾಗಲೇ ಆಗಿಹೋಗಿದ್ದರೆ ನೈಫಿನ ಅಂಚಿನಿಂದ ಎರಡು ಗೊಂಚಲಿನ ನಡುವಿನ ಬಣ್ಣವನ್ನು ಕೆರೆದು ತೆಗೆದು, ಅಲ್ಲಿ ಗಟ್ಟಿ ಕಡು ಹಸಿರನ್ನು ಮತ್ತೆ ತಟ್ಟಿ. ಕೆರೆಯದೆ ಮೇಲೇ ಕಡು ಬಣ್ಣ ಹಾಕಿದರೆ ಅದು ಹಳದಿಯ ಜೊತೆ ಬೆರೆತು ಮತ್ತೆ ಕೆಸರು.

ಬೆಳಕಿನ ದಿಕ್ಕನ್ನೂ ಒಮ್ಮೆ ನೋಡಿಕೊಳ್ಳಿ. ಎಡ ಮರಕ್ಕೆ ಎಡದಿಂದ, ಬಲ ಮರಕ್ಕೆ ಬಲದಿಂದ ಬಿಸಿಲು ಬಿದ್ದ ಚಿತ್ರಗಳನ್ನು ಎಷ್ಟೋ ನೋಡಿದ್ದೇನೆ.

ಎಲ್ಲ ಸರಿ ಇದೆ, ಆದರೆ ನಮ್ಮ ತೋಟದ ಹಾಗಿಲ್ಲ

ಇದನ್ನೂ ನಾನು ದೋಷ ಅಂತಲೇ ಲೆಕ್ಕ ಹಾಕುತ್ತೇನೆ. ಬಾಬ್ ರಾಸ್ ಅಮೆರಿಕದ ವಾಯುಪಡೆಯಲ್ಲಿದ್ದಾಗ ಅಲಾಸ್ಕಾದಲ್ಲಿ ಇದ್ದವರು. ಅವರ ಚಿತ್ರದ ಮರಗಳು ಆ ಕಡೆಯವು. ಅಲ್ಲಿಯ ಪೊದೆಗೆ ಹೊಂದುವ ಹಳದಿ ಬೆಳಕನ್ನು ಹಾಗೇ ತಂದು ಕಾಫಿ ಗಿಡದ ಮೇಲೆ ಇಟ್ಟರೆ ಅದು ಕಾಫಿ ಗಿಡ ಆಗುವುದಿಲ್ಲ.

ಕಾಫಿ ಎಲೆ ದಪ್ಪ, ನುಣುಪು, ಮೇಣ ಹಚ್ಚಿದ ಹೊಳಪು. ಅದರ ಮೇಲೆ ಕಾಣುವ ಬೆಳಕು ಬಹಳಷ್ಟು ಆಕಾಶದ ಪ್ರತಿಬಿಂಬ. ಆದ್ದರಿಂದ ಅದಕ್ಕೆ ಹಳದಿ ಬೇಡ. ಬಿಳಿಗೆ ಚೂರೇ ಚೂರು ನೀಲಿ, ಚೂರು ಹಸಿರು ಸೇರಿಸಿದ ತಣ್ಣನೆಯ ಬಣ್ಣವನ್ನು ಅಲ್ಲಲ್ಲಿ ಇಡಿ. ಹಳದಿ ಬೇಕಾಗುವುದು ಬಿಸಿಲು ಎಲೆಯ ಹಿಂದಿನಿಂದ ತೂರಿ ಬಂದಾಗ ಮಾತ್ರ. ತೋಟದಲ್ಲಿ ನೆರಳಿನ ಮರಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಹಾಗಾಗಿ ಕಾಫಿ ಸಾಲಿಗೆ ಉದ್ದಕ್ಕೂ ಒಂದೇ ಸಮ ಬೆಳಕು ಕೊಡುವುದು ತಪ್ಪು. ಹೂಮಳೆ ಆದ ಮೇಲೆ, ಮಾರ್ಚ್ ಏಪ್ರಿಲ್ ಹೊತ್ತಿಗೆ, ರೆಂಬೆಯ ಉದ್ದಕ್ಕೂ ಗೊಂಚಲಾಗಿ ಹೂ ಬಿಟ್ಟದ್ದನ್ನು ಬಿಡಿಸುವುದಾದರೆ ಎಲೆಯ ಬೆಳಕನ್ನು ಇನ್ನೂ ಕಡಿಮೆ ಮಾಡಿ. ಬಿಳಿಯ ಕೆಲಸವನ್ನು ಹೂವೇ ಮಾಡುತ್ತದೆ.

ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ, ಈಗ ನಮ್ಮ ತೋಟಗಳ ಗುರುತೇ ಆಗಿದೆ. ಅದರ ಎಲೆಯ ಅಡಿಭಾಗ ಬೆಳ್ಳಿ ಬೂದು. ಗಾಳಿ ಬೀಸಿದಾಗ ಮರದ ಒಂದು ಮಗ್ಗುಲು ಪೂರ್ತಿ ಬೂದಾಗಿ ಹೊಳೆಯುತ್ತದೆ. ಅದಕ್ಕೆ ಬಿಳಿ, ಯೆಲ್ಲೋ ಓಕರ್, ಚೂರು ಕಪ್ಪು ಕಲಸಿದ ಬೂದು ಹಸಿರು ಸರಿಹೋಗುತ್ತದೆ. ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಮಾತ್ರ ಕಾಫಿಗೆ ಬಳಸಿದ ತಣ್ಣನೆಯ ಹೊಳಪು.

ಅಡಿಕೆ, ತೆಂಗು, ಬಿದಿರಿಗೆ ತಟ್ಟುವ ಪದ್ಧತಿಯೇ ಆಗುವುದಿಲ್ಲ. ಅರಸೀಕೆರೆ ಕಡೆಯ ತೆಂಗಿನ ತೋಟವನ್ನು ಒಂದು ಇಂಚಿನ ಬ್ರಷ್ಷಿನಲ್ಲಿ ತಟ್ಟಿದರೆ ಅದು ಮಾವಿನ ತೋಪಾಗುತ್ತದೆ. ಗರಿಗೆ ಬೀಸಣಿಗೆ ಆಕಾರದ ಫ್ಯಾನ್ ಬ್ರಷ್ ಅಥವಾ ಉದ್ದ ಕೂದಲಿನ ಲೈನರ್ ತೆಗೆದುಕೊಂಡು, ನಡುದಿಂಡಿನಿಂದ ಹೊರಗೆ ಎಳೆಯಿರಿ. ಬಣ್ಣ ಇನ್ನೂ ಸಡಿಲ ಇರಬೇಕು.

ದೂರದ ಬೆಟ್ಟದ ಮಡಿಲಿನಲ್ಲಿರುವ ಶೋಲಾ ಕಾಡಿಗೆ ಎಲೆ ಎಲೆಯಾಗಿ ಬೆಳಕು ಹಾಕಬೇಡಿ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಇಳಿಜಾರನ್ನು ಕೆಳಗಿನಿಂದ ನೋಡಿದಾಗ ಎಲೆ ಎಲ್ಲಿ ಕಾಣುತ್ತದೆ ಹೇಳಿ? ನೀಲಿ ಬೆರೆತ ಎರಡು ಮಂದ ಹಸಿರು, ಅಷ್ಟು ಸಾಕು. ಜುಲೈ ತಿಂಗಳ ಚಿತ್ರವಾದರೆ ಹತ್ತಿರದ ಮರಕ್ಕೂ ಉರಿಯುವ ಹಳದಿ ಬೇಡ. ಮೋಡದ ಕೆಳಗೆ ಬೆಳಕು ಮೇಲಿನಿಂದ ಸಮನಾಗಿ, ಮಂಕಾಗಿ ಬೀಳುತ್ತದೆ. ಕಡು ಹಸಿರಿಗೂ ಬೆಳಕಿನ ಹಸಿರಿಗೂ ಅಂತರ ಕಡಿಮೆ ಇದ್ದರೇನೇ ಅದು ಮಲೆನಾಡಿನ ಮಳೆಗಾಲ.

ಮಳೆಗಾಲದ ತೊಂದರೆಗಳು

ಹೊರಗೆ ಕೂತು ಬಿಡಿಸುವಾಗ ಮಂಜು ಕವಿದರೆ ಕ್ಯಾನ್ವಾಸಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಪದರ ಕೂರುತ್ತದೆ. ಎಣ್ಣೆ ಬಣ್ಣ ನೀರಿನ ಮೇಲೆ ಹಿಡಿಯುವುದಿಲ್ಲ, ಜಾರುತ್ತದೆ. ಬಣ್ಣ, ಬ್ರಷ್, ಕೈ ಎಲ್ಲ ಸರಿ ಇದ್ದೂ ಇದ್ದಕ್ಕಿದ್ದಂತೆ ಬೆಳಕು ಜಾರತೊಡಗಿದರೆ ಕ್ಯಾನ್ವಾಸನ್ನು ಓರೆಯಾಗಿ ಹಿಡಿದು ನೋಡಿ, ಹನಿಗಳು ಮಿನುಗುತ್ತವೆ. ಒರೆಸಲು ಹೋಗಬೇಡಿ. ಒಳಗೆ ತಂದು, ಗಾಳಿಯಾಡುವ ಕಡೆ ಆರಲು ಬಿಟ್ಟು, ಆಮೇಲೆ ಮುಂದುವರಿಸಿ.

"ಕೆಟ್ಟದ್ದನ್ನು ನಾಳೆ ತಿದ್ದುತ್ತೇನೆ" ಅಂತ ಬಿಡುವವರು ಒಂದು ವಿಷಯ ಗಮನಿಸಬೇಕು. ಎಣ್ಣೆ ಬಣ್ಣ ಒಣಗುವುದು ನೀರು ಆರಿದ ಹಾಗಲ್ಲ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ತೇವ ಮತ್ತು ಚಳಿಯಲ್ಲಿ ಇದು ನಿಧಾನ. ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸ ಇದೆ: ಅಂಬರ್ ಬೇಗ ಒಣಗುತ್ತದೆ, ಐವರಿ ಬ್ಲಾಕ್ ಮತ್ತು ಟೈಟಾನಿಯಂ ವೈಟ್ ತಡ. ಮರುದಿನ ಅಡಿಬಣ್ಣ ಅರ್ಧ ಗಟ್ಟಿ, ಅರ್ಧ ಅಂಟು ಆಗಿರುತ್ತದೆ. ಆ ಸ್ಥಿತಿಯಲ್ಲಿ ತಟ್ಟಿದರೆ ಅಡಿ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಒಂದೋ ಅದೇ ದಿನ ಕಾಗದ ಒತ್ತಿ ತೆಗೆದು ಸರಿಮಾಡಿ, ಇಲ್ಲವಾದರೆ ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಬಿಡಿ. ಪೂರ್ತಿ ಒಣಗಿದ ಮೇಲೆ ಹಚ್ಚುವ ಬೆಳಕು ಕೆಸರಾಗುವುದೇ ಇಲ್ಲ. ಆದರೆ ಅಂಚು ಚೂಪಾಗಿ, ಆಮೇಲೆ ಅಂಟಿಸಿದ ಹಾಗೆ ಕಾಣಬಹುದು. ಅದಕ್ಕೆ ಆ ಜಾಗಕ್ಕೆ ಮೊದಲು ಕಡು ಹಸಿರನ್ನು ತೆಳ್ಳಗೆ ಉಜ್ಜಿ, ಅದು ಹಸಿಯಿರುವಾಗಲೇ ತಟ್ಟಿ.

ಒಣಗಲು ಇಟ್ಟ ಕ್ಯಾನ್ವಾಸನ್ನು ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಕತ್ತಲ ಮೂಲೆಯೂ ಬೇಡ. ಗೋಡೆಯಿಂದ ದೂರ, ಗಾಳಿ ಬೆಳಕು ಬರುವ ಕಡೆ ನಿಲ್ಲಿಸಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್ಸೀಡ್ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಒಂದೊಂದಾಗಿ ಬಿಡಿಸಿ ಹೊರಗೆ ಹರವಿ, ಅಥವಾ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ.